ಪಕ್ಕದ ಬೆಂಚಿನಲ್ಲಿ ಯಾರಿದ್ದಾರೆ?

2024ರ ಏಪ್ರಿಲ್ ತಿಂಗಳ ಒಂದು ಭಾನುವಾರ. ನಮ್ಮ ಬಟ್ಟೆಗಳಿಗೆ ಇಸ್ತ್ರಿ ಮಾಡುವವರು ಎಂದಿನಂತೆ ಗಂಟು ಹೊತ್ತು ಬಾಗಿಲಿಗೆ ಬಂದರು. ಕೈಯಲ್ಲಿ ಗಂಟಿನ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲೂ ಇತ್ತು. "ಸರ್, ನೀವು ಕಂಪ್ಯೂಟರ್‌ನಾಗ ಕೆಲಸ ಮಾಡ್ತೀರಲ್ಲ, ಹುಡುಗಂದು ಒಂದ್ ಫಾರ್ಮ್ ತುಂಬಿ ಕೊಡ್ರಿ" ಅಂದರು.

ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಘಣಸೋಲಿಗೆ ಬಂದು ಹತ್ತು ಹನ್ನೆರಡು ವರ್ಷವಾಗಿದೆ. ಗಾಂವ್‌ಠಾಣದ ಒಂದು ಕೋಣೆಯಲ್ಲಿ ಸಂಸಾರ, ರಸ್ತೆ ಬದಿಯ ಮರದ ಕೆಳಗೆ ಇಸ್ತ್ರಿ ಮೇಜು. ನಮ್ಮ ಮನೆಯಲ್ಲಿ ಕನ್ನಡ ಕೇಳಿದ ದಿನದಿಂದ ಒಂದು ಶರ್ಟ್ ಕೊಡಲು ಬಂದರೂ ಎರಡು ಮಾತಾಡಿ ಹೋಗುವುದು ಅವರ ಅಭ್ಯಾಸ. ಮಗನಿಗೆ ಆರು ತುಂಬಿತ್ತು. ಆರ್‌ಟಿಇ ಅಡಿಯಲ್ಲಿ ಖಾಸಗಿ ಶಾಲೆಗೆ ಅರ್ಜಿ ಹಾಕಬೇಕಿತ್ತು.

ಲ್ಯಾಪ್‌ಟಾಪ್ ತೆರೆದು ಕೂತೆ. ಪೋರ್ಟಲ್‌ನಲ್ಲಿ ವಿಳಾಸ ಗುರುತಿಸಿದಾಗ ಹತ್ತಿರದ ಶಾಲೆಗಳ ಪಟ್ಟಿ ಬಂತು. ಎಲ್ಲವೂ ಸರ್ಕಾರಿ ಅಥವಾ ಅನುದಾನಿತ ಶಾಲೆಗಳೇ. ಅವರು ಪರದೆಗೆ ಬಗ್ಗಿ ನೋಡುತ್ತಾ, "ಆ ದೊಡ್ಡ ಸಾಲಿ ಹೆಸರು ಇಲ್ಲೇನ್ರಿ?" ಎಂದು ಕೇಳಿದರು. ಅವರು ಹೇಳಿದ್ದು ನನ್ನ ಮಗಳು ಓದುವ ಶಾಲೆ.

"ಇಲ್ಲ, ಈ ವರ್ಷ ನಿಯಮ ಬದಲಾಗಿದೆ" ಎಂದೆ. ಹಾಗೆ ಹೇಳುವಾಗ ನನ್ನೊಳಗೆ ಸಣ್ಣದೊಂದು ಸಮಾಧಾನವಾಯಿತು. ಅದನ್ನು ನನಗೆ ನಾನೇ ಒಪ್ಪಿಕೊಳ್ಳಲು ಹಲವು ತಿಂಗಳು ಹಿಡಿಯಿತು. ಈ ಲೇಖನ ಬರೆಯಲು ಆ ಸಮಾಧಾನವೇ ಕಾರಣ.

ಒಂದು ಕಿಲೋಮೀಟರಿನ ಕಥೆ

ಮೊದಲು ನಿಯಮದ ವಿಷಯ. ಸಂವಿಧಾನದ 21ಎ ವಿಧಿಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕು. ಅದನ್ನು ಜಾರಿಗೆ ತರಲು 2009ರಲ್ಲಿ ಸಂಸತ್ತು ಶಿಕ್ಷಣ ಹಕ್ಕು ಕಾಯಿದೆ ಮಾಡಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅದರ 12(1)(ಸಿ) ಕಲಮಿನ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಶುಲ್ಕವನ್ನು ಸರ್ಕಾರ ಒಂದು ಮಿತಿಯೊಳಗೆ ಮರುಪಾವತಿ ಮಾಡುತ್ತದೆ. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 12ರಂದು ಕಾಯಿದೆಯನ್ನು ಎತ್ತಿಹಿಡಿಯಿತು.

2024ರ ಫೆಬ್ರವರಿ 9ರಂದು ಮಹಾರಾಷ್ಟ್ರ ಸರ್ಕಾರ ನಿಯಮಕ್ಕೆ ಒಂದು ತಿದ್ದುಪಡಿ ತಂದಿತು. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ 25 ಶೇಕಡಾ ಕೊಡಬೇಕಾಗಿಲ್ಲ ಎಂಬುದು ಅದರ ಸಾರ. ಘಣಸೋಲಿ, ಐರೋಲಿ, ಕೋಪರ್‌ಖೈರಣೆಯಂಥ ಒತ್ತೊತ್ತಾಗಿ ಬೆಳೆದ ಊರುಗಳಲ್ಲಿ ಒಂದು ಕಿಲೋಮೀಟರ್ ಒಳಗೆ ಒಂದಾದರೂ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರದ ಜಾಗ ಸಿಗುವುದು ಕಷ್ಟ. ನನ್ನ ಪರದೆಯ ಪಟ್ಟಿಯಿಂದ ದೊಡ್ಡ ಶಾಲೆಗಳು ಮಾಯವಾಗಿದ್ದು ಹೀಗೆ.

ಪಾಲಕರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟ್ ಮೇ 6ರಂದು ತಿದ್ದುಪಡಿಗೆ ತಡೆ ಕೊಟ್ಟಿತು. ಅರ್ಜಿ ಪ್ರಕ್ರಿಯೆ ಹೊಸದಾಗಿ ಶುರುವಾಯಿತು. ಇಸ್ತ್ರಿಯವರು ಮತ್ತೆ ಫೈಲ್ ಹಿಡಿದು ಬಂದರು. ಈ ಸಲ ಪಟ್ಟಿಯಲ್ಲಿ ಮಗಳ ಶಾಲೆ ಇತ್ತು. "ಅಲ್ಲಿ ನಿಮ್ಮ ಹುಡುಗನಿಗೆ ಹೊಂದಿಕೊಳ್ಳೋದು ಕಷ್ಟ ಆಗಬಹುದು" ಎಂಬ ಮಾತು ನನ್ನ ಬಾಯಿಯ ತನಕ ಬಂದು ನಿಂತಿತು. ಹೊಂದಿಕೊಳ್ಳುವ ಕಷ್ಟ ಇದ್ದದ್ದು ಯಾರಿಗೆ ಎಂದು ನನ್ನನ್ನೇ ಕೇಳಿಕೊಂಡು ಆ ಶಾಲೆಯ ಮೇಲೆ ಟಿಕ್ ಮಾಡಿದೆ.

ಜುಲೈ 19ರಂದು ಹೈಕೋರ್ಟ್ ತಿದ್ದುಪಡಿಯನ್ನು ರದ್ದುಮಾಡಿತು. ಮೂಲ ಕಾಯಿದೆ ಕೊಟ್ಟ ಹಕ್ಕನ್ನು ನಿಯಮದ ಮೂಲಕ ಕಿತ್ತುಕೊಳ್ಳಲು ಬರುವುದಿಲ್ಲ ಎಂಬುದು ಅದರ ನಿಲುವು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದರಲ್ಲಿ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ತೀರ್ಪಿನ ಬೆನ್ನಲ್ಲೇ ಲಾಟರಿಯ ಫಲಿತಾಂಶ ಹೊರಬಿತ್ತು. ಹುಡುಗನಿಗೆ ಸೀಟು ಸಿಕ್ಕಿತು. ಶಾಲೆ ಶುರುವಾಗಿ ತಿಂಗಳು ಕಳೆದ ಮೇಲೆ, ಜಡಿಮಳೆಯ ಒಂದು ಬೆಳಿಗ್ಗೆ, ಅವನು ನನ್ನ ಮಗಳ ಒಂದನೇ ತರಗತಿಗೆ ಬಂದು ಕೂತ.

ನಮ್ಮ ಕರ್ನಾಟಕದ್ದು ಬೇರೆ ಕಥೆ. ಅಲ್ಲಿ 2019ರಲ್ಲೇ ಇಂಥದೇ ನಿಯಮ ಬಂದಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಸೀಟುಗಳ ಸಂಖ್ಯೆ ಒಮ್ಮೆಲೇ ಕುಸಿಯಿತು. ಇಂಡಿಯಲ್ಲೇ ಉಳಿದಿದ್ದರೆ ಈ ಹುಡುಗನಿಗೆ ಈ ದಾರಿ ಬಹುಶಃ ತೆರೆಯುತ್ತಿರಲಿಲ್ಲ.

ನನ್ನ ಶಾಲೆಯ ಜಗಲಿ

ನಾನು ಓದಿದ್ದು ಕುಂದಾಪುರ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ತೊಂಬತ್ತರ ದಶಕ. ಸುತ್ತಮುತ್ತ ಇದ್ದದ್ದು ಅದೊಂದೇ ಶಾಲೆಯಾದ್ದರಿಂದ ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಡಾಕ್ಟರ ಮಗ, ಪೋಸ್ಟ್ ಮಾಸ್ತರರ ಮಗಳು, ತೋಟದ ಮನೆಯ ಮಕ್ಕಳು, ಮೀನುಗಾರರ ಮಕ್ಕಳು, ಹೆಂಚಿನ ಕಾರ್ಖಾನೆಯ ಕೂಲಿಯವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು ಎಲ್ಲರಿಗೂ ಅದೇ ಹಲಗೆ, ಅದೇ ನಾಗರ ಬೆತ್ತ. ಇದನ್ನು ಸ್ವರ್ಗ ಎಂದು ನಾನು ವರ್ಣಿಸುವುದಿಲ್ಲ. ಜಾತಿ ಇತ್ತು, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಗುಂಪುಗಳಿದ್ದವು. ಬುತ್ತಿಯೇ ತಾರದೆ ಬಾವಿಯ ಕಡೆ ನಡೆದುಹೋಗುವವರೂ ಇದ್ದರು. ಆದರೂ ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಿತ್ತು.

ನನ್ನ ತಂದೆ ಸಣ್ಣ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಇರಲಿಲ್ಲ. ಸಿಇಟಿ ಎಂಬ ಪರೀಕ್ಷೆಯೊಂದಿದೆ, ಅದನ್ನು ಬರೆದರೆ ಸರ್ಕಾರಿ ಸೀಟು ಸಿಗುತ್ತದೆ ಎಂದು ನನಗೆ ಹೇಳಿದ್ದು ಡಾಕ್ಟರ ಮಗ. ಅವನಿಗೆ ಹೇಳಿದ್ದು ಅವನ ಅಪ್ಪ. ಅರ್ಜಿ ತುಂಬಿದ್ದು ಅವರ ಮನೆಯ ಜಗಲಿಯಲ್ಲಿ. ಯಾವ ಕಾಲೇಜು ಮೊದಲು ಬರೆಯಬೇಕು, ಯಾವುದನ್ನು ಬರೆಯಲೇಬಾರದು ಎಂದು ಆ ಡಾಕ್ಟರೇ ಪೆನ್ಸಿಲ್ಲಿನಲ್ಲಿ ಗುರುತುಮಾಡಿ ಕೊಟ್ಟರು. ಓದಿದ್ದು ನಾನೇ, ಅಂಕ ತೆಗೆದದ್ದೂ ನಾನೇ. ಆದರೆ ಆ ಜಗಲಿ ಇರದಿದ್ದರೆ ಆ ಅಂಕಗಳನ್ನು ಎಲ್ಲಿಗೆ ಒಯ್ಯಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಇವತ್ತು ನಾನು ಐರೋಲಿಯ ಐಟಿ ಪಾರ್ಕಿನಲ್ಲಿ ಕೂತು ಕೆಲಸ ಮಾಡುವುದಕ್ಕೂ ಆ ಜಗಲಿಗೂ ನೇರ ಸಂಬಂಧವಿದೆ.

ಕಥೆಯ ಇನ್ನೊಂದು ಭಾಗವನ್ನೂ ಹೇಳಬೇಕು. ಅದೇ ತರಗತಿಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಇನ್ನೊಬ್ಬನಿದ್ದ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ಸಂಬಂಧಿಕರೊಬ್ಬರ ಜೊತೆ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ. ಅವನೂ ಡಾಕ್ಟರ ಮಗನ ಜೊತೆ ಒಂದೇ ಕೋಣೆಯಲ್ಲಿ ಏಳು ವರ್ಷ ಓದಿದ್ದ. ಆದರೆ ಆ ಜಗಲಿಗೆ ಅವನು ಎಂದೂ ಬಂದಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಕೂರುವುದು ಒಂದು, ಗೆಳೆತನವಾಗುವುದು ಇನ್ನೊಂದು ಎನ್ನುವುದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಅಧ್ಯಯನಗಳು ಏನು ಹೇಳುತ್ತವೆ

ಈ ಎರಡರ ವ್ಯತ್ಯಾಸವನ್ನು ಅಳೆದು ನೋಡಿದವರಿದ್ದಾರೆ. ಭಾರತ ಮೂಲದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಸುಮಾರು 7.2 ಕೋಟಿ ಫೇಸ್‌ಬುಕ್ ಬಳಕೆದಾರರ ಸುಮಾರು 2,100 ಕೋಟಿ ಗೆಳೆತನಗಳನ್ನು ಪರಿಶೀಲಿಸಿ 2022ರ ಆಗಸ್ಟಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಬಡ ಕುಟುಂಬದ ಮಕ್ಕಳು ಮುಂದೆ ಎಷ್ಟು ಮೇಲೆ ಬರುತ್ತಾರೆ ಎಂಬುದರೊಂದಿಗೆ ಅತಿ ಬಲವಾಗಿ ತಳಕು ಹಾಕಿಕೊಂಡಿದ್ದು ಆ ಊರಿನಲ್ಲಿ ಬಡವರು ಮತ್ತು ಅನುಕೂಲಸ್ಥರ ನಡುವೆ ಎಷ್ಟು ಗೆಳೆತನವಿದೆ ಎಂಬ ಅಂಶ. ಬಡ ಮಕ್ಕಳಿಗೆ ಅನುಕೂಲಸ್ಥ ಮಕ್ಕಳಿಗಿರುವಷ್ಟೇ ಪ್ರಮಾಣದಲ್ಲಿ ಅಂಥ ಗೆಳೆಯರಿದ್ದ ಪ್ರದೇಶದಲ್ಲಿ ಬೆಳೆಯುವ ಅವಕಾಶವಿದ್ದರೆ ದೊಡ್ಡವರಾದ ಮೇಲೆ ಅವರ ಆದಾಯ ಸರಾಸರಿ 20 ಶೇಕಡಾ ಹೆಚ್ಚಿರುತ್ತಿತ್ತು ಎಂಬುದು ಅವರ ಅಂದಾಜು.

ಎರಡನೇ ಪ್ರಬಂಧ ನನ್ನ ಜಗಲಿಯ ಕಥೆಯನ್ನೇ ಹೇಳುತ್ತದೆ. ಬಡವರಿಗೂ ಅನುಕೂಲಸ್ಥರಿಗೂ ಗೆಳೆತನ ಕಡಿಮೆ ಇರುವುದಕ್ಕೆ ಸುಮಾರು ಅರ್ಧ ಕಾರಣ ಅವರು ಒಂದೇ ಶಾಲೆ, ಒಂದೇ ಬೀದಿಯಲ್ಲಿ ಭೇಟಿಯಾಗದಿರುವುದು. ಉಳಿದ ಅರ್ಧ, ಒಂದೇ ಜಾಗದಲ್ಲಿದ್ದೂ ತಮ್ಮಂಥವರನ್ನೇ ಗೆಳೆಯರಾಗಿ ಆರಿಸಿಕೊಳ್ಳುವುದು. ಮೊದಲ ಅರ್ಧವನ್ನು ಕಾನೂನು ಸರಿಪಡಿಸಬಹುದು. ಎರಡನೆಯ ಅರ್ಧ ಶಾಲೆಯ ಮತ್ತು ನಮ್ಮ ಕೈಯಲ್ಲಿದೆ.

"ಸರಿ, ಆ ಮಕ್ಕಳಿಗೆ ಲಾಭ. ನಮ್ಮ ಮಕ್ಕಳ ಓದು ಹಾಳಾಗುವುದಿಲ್ಲವೇ?" ಇದು ನಾವು ಗಟ್ಟಿಯಾಗಿ ಕೇಳದ, ಆದರೆ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ದೆಹಲಿಯಿಂದಲೇ ಬಂದಿದೆ. ಆರ್‌ಟಿಇಗೂ ಮೊದಲು, 2007ರಲ್ಲಿ, ದೆಹಲಿಯ ಹಲವು ಪ್ರತಿಷ್ಠಿತ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಬೇಕಾಗಿ ಬಂತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಲ್ಲಿನ ಸ್ಥಿತಿವಂತ ಮಕ್ಕಳನ್ನು ಅಧ್ಯಯನ ಮಾಡಿದರು. ಅದು 2019ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ'ನಲ್ಲಿ ಪ್ರಕಟವಾಗಿದೆ. ಬಡ ಸಹಪಾಠಿಗಳ ಜೊತೆ ಓದಿದ ಸ್ಥಿತಿವಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು, ಸೇವಾ ಕೆಲಸಗಳಿಗೆ ಹೆಚ್ಚು ಮುಂದೆ ಬರುತ್ತಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ 'ಬಡ ಹುಡುಗ' ಎಂಬ ಕಾರಣಕ್ಕೆ ಚುರುಕಾಗಿ ಓಡುವವನನ್ನು ಬಿಟ್ಟುಬಿಡುವುದು ಅವರಲ್ಲಿ ಕಡಿಮೆಯಿತ್ತು. ಓದಿನ ವಿಷಯಕ್ಕೆ ಬಂದರೆ ಹಿಂದಿ ಮತ್ತು ಗಣಿತದ ಅಂಕಗಳಲ್ಲಿ ಪರಿಣಾಮವಿಲ್ಲ, ಇಂಗ್ಲಿಷಿನಲ್ಲಿ ಸಣ್ಣ ಇಳಿಕೆ. ಲಾಭ ನಷ್ಟ ಎರಡನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಅದರಲ್ಲೊಂದು ಸೊಗಸಾದ ಅಂಶವಿದೆ. ಕೆಲವು ಶಾಲೆಗಳಲ್ಲಿ ಗುಂಪು ಚಟುವಟಿಕೆಗೆ ಮಕ್ಕಳನ್ನು ಹೆಸರಿನ ಅಕ್ಷರಕ್ರಮದ ರೋಲ್ ನಂಬರಿನಂತೆ ಕೂರಿಸುತ್ತಿದ್ದರು. ಹೆಸರಿನ ಮೊದಲ ಅಕ್ಷರದ ದೆಸೆಯಿಂದ ಬಡ ಹುಡುಗನೊಬ್ಬನ ಗುಂಪಿಗೆ ಬಿದ್ದ ಮಕ್ಕಳಲ್ಲೂ ಈ ಬದಲಾವಣೆ ಕಂಡಿತು. ಒಂದೇ ಶಾಲೆಯಲ್ಲಿದ್ದರೆ ಸಾಲದು, ಒಟ್ಟಿಗೆ ಕೂತು ಕೆಲಸ ಮಾಡಬೇಕು.

ಬೇರೆ ಬೇರೆ ಭಾಷೆ, ಒಂದೇ ಅಳತೆಯ ಮನೆ

ನಮ್ಮ ಘಣಸೋಲಿಯನ್ನೇ ನೋಡಿ. ಒಂದು ಕಡೆ ಥಾಣೆ-ಬೇಲಾಪುರ ರಸ್ತೆ, ಅದರಾಚೆ ಟಿಟಿಸಿ ಕೈಗಾರಿಕಾ ಪ್ರದೇಶ, ಈಚೆ ರಿಲಯನ್ಸ್ ಕಾರ್ಪೊರೇಟ್ ಪಾರ್ಕ್. ನಡುವೆ ಆಗ್ರಿ ಜನರ ಹಳೆಯ ಹಳ್ಳಿ, ಸಿಡ್ಕೊ ಕಟ್ಟಿದ ಘರೋಂದಾ, ಮಾಥಾಡಿ ಕಾರ್ಮಿಕರ ಸಿಂಪ್ಲೆಕ್ಸ್, ಆಮೇಲೆ ನಮ್ಮಂಥವರ ಗೇಟು ಹಾಕಿದ ಸೊಸೈಟಿಗಳು. 2004ರಲ್ಲಿ ಥಾಣೆ-ವಾಶಿ ರೈಲು ಶುರುವಾದ ಮೇಲೆ ಊರು ಇನ್ನಷ್ಟು ಬೆಳೆಯಿತು. ಕಾಲುಗಂಟೆ ನಡೆದರೆ ನಾಲ್ಕು ಬಗೆಯ ಬದುಕು ಸಿಗುತ್ತದೆ. ಆದರೆ ಆ ನಾಲ್ಕೂ ಬದುಕಿನ ಮಕ್ಕಳು ಬೆಳಿಗ್ಗೆ ಏಳಕ್ಕೆ ನಾಲ್ಕು ದಿಕ್ಕಿಗೆ ಹೋಗುತ್ತಾರೆ.

ಮಗಳ ತರಗತಿಯ ಹೆಸರುಗಳನ್ನು ಓದಿದರೆ ಹೆಮ್ಮೆಯಾಗುತ್ತದೆ. ಮರಾಠಿ, ತಮಿಳು, ಮಲಯಾಳಿ, ಬಂಗಾಳಿ, ಗುಜರಾತಿ, ಬಿಹಾರಿ ಎಲ್ಲರೂ ಇದ್ದಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ 'ವಿವಿಧತೆಯಲ್ಲಿ ಏಕತೆ' ಎಂದು ಹೆಸರಿಡುತ್ತಾರೆ. ಆದರೆ ಎಲ್ಲರ ಮನೆಯೂ ಎರಡು ಬೆಡ್‌ರೂಮಿನದೇ, ಎಲ್ಲರ ಅಪ್ಪ ಅಮ್ಮಂದಿರ ಕುತ್ತಿಗೆಯಲ್ಲೂ ಕಂಪನಿಯ ಐಡಿ ಕಾರ್ಡೇ. ಅತ್ತ ಮಹಾನಗರಪಾಲಿಕೆಯ ಶಾಲೆಯಲ್ಲೂ ಹತ್ತು ಭಾಷೆಯ ಮಕ್ಕಳಿದ್ದಾರೆ. ಮರಾಠವಾಡಾದವರು, ಉತ್ತರ ಪ್ರದೇಶದವರು, ನಮ್ಮ ಕಲಬುರಗಿ, ಯಾದಗಿರಿಯವರು. ಅಲ್ಲೂ ಎಲ್ಲರ ಮನೆಯೂ ಒಂದೇ ಅಳತೆ, ಒಂದು ಕೋಣೆ. ಭಾಷೆಯ ವೈವಿಧ್ಯ ಎರಡೂ ಕಡೆ ಇದೆ, ಬದುಕಿನ ವೈವಿಧ್ಯ ಎರಡೂ ಕಡೆ ಇಲ್ಲ.

ಇದಕ್ಕೆ ಆರ್‌ಟಿಇ ಒಂದೇ ಮದ್ದು ಎಂದು ನಾನು ಹೇಳುವುದಿಲ್ಲ. ಸರ್ಕಾರಿ ಶಾಲೆಯನ್ನು ಸುಧಾರಿಸುವ ಬದಲು ಖಾಸಗಿ ಶಾಲೆಗೆ ದುಡ್ಡು ಕೊಟ್ಟು ಮಕ್ಕಳನ್ನು ಕಳಿಸುವುದು ಯಾವ ನ್ಯಾಯ ಎಂಬ ಪ್ರಶ್ನೆ ಸರಿಯಾದದ್ದೇ. ಡಿ. ಎಸ್. ಕೊಠಾರಿ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964-66) ಹೇಳಿದ್ದು ಸಮಾನ ಶಾಲಾ ಪದ್ಧತಿಯನ್ನು, ಆಯಾ ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕೆಂದು. ನನ್ನ ಹಳ್ಳಿಯ ಶಾಲೆ ಹಾಗಿದ್ದದ್ದು ಯಾರ ಆದರ್ಶದಿಂದಲೂ ಅಲ್ಲ, ಬೇರೆ ಶಾಲೆ ಇರಲಿಲ್ಲ ಅಷ್ಟೇ. ಬೇರೆ ಶಾಲೆ ಬಂದ ಕೂಡಲೇ ಡಾಕ್ಟರು, ಮಾಸ್ತರರು, ಆಮೇಲೆ ನನ್ನಂಥವರು ಅಲ್ಲಿಂದ ಎದ್ದುಹೋದೆವು. ಈಗ ಊರಿಗೆ ಹೋದಾಗ "ನಾವು ಓದಿದ ಶಾಲೆ ಮುಚ್ಚುತ್ತಿದ್ದಾರಂತೆ" ಎಂದು ಕಣ್ಣೀರು ಹಾಕುತ್ತೇವೆ. ಹೊರಟವರಲ್ಲಿ ನಾವೇ ಮೊದಲಿಗರು.

ಕಾಗದಗಳ ಗೋಡೆ

ಮರಳಿ ಆ ಪ್ಲಾಸ್ಟಿಕ್ ಫೈಲಿಗೆ ಬರುತ್ತೇನೆ. ಅರ್ಜಿ ತುಂಬುವಾಗ ನನಗೆ ಅರಿವಾದದ್ದು, ಹೊರರಾಜ್ಯದಿಂದ ಬಂದ ಬಡ ಕುಟುಂಬಕ್ಕೆ ಈ ಬಾಗಿಲು ಎಷ್ಟು ಕಿರಿದು ಎಂಬುದು.

ಮಹಾರಾಷ್ಟ್ರದಲ್ಲಿ ಆರ್ಥಿಕವಾಗಿ ದುರ್ಬಲ ಎನ್ನಿಸಿಕೊಳ್ಳಲು ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಯೊಳಗಿರಬೇಕು. ತಿಂಗಳಿಗೆ ಲೆಕ್ಕ ಹಾಕಿದರೆ ಎಂಟು ಸಾವಿರದ ಚಿಲ್ಲರೆ. ಪರಿಶಿಷ್ಟ ಜಾತಿ, ಪಂಗಡದಂಥ ಇತರ ವರ್ಗಗಳಿಗೆ ಬೇರೆ ದಾರಿ ಇದೆ, ಆದರೆ ಹೊರರಾಜ್ಯದ ಜಾತಿ ಪ್ರಮಾಣಪತ್ರ ನಡೆಯುವುದಿಲ್ಲ. ಕರ್ನಾಟಕದ ತಹಶೀಲ್ದಾರರ ಸಹಿ ಇರುವ ಕಾಗದ ಇಲ್ಲಿ ಬರಿ ಕಾಗದ. ಆದಾಯ ಪ್ರಮಾಣಪತ್ರವನ್ನೂ ಇಲ್ಲಿಯೇ ಮಾಡಿಸಬೇಕು. ಬಾಡಿಗೆ ಮನೆಯಾದರೆ ನೋಂದಾಯಿತ ಕರಾರುಪತ್ರ ಬೇಕು. ಗಾಂವ್‌ಠಾಣದ ಕೋಣೆಗಳನ್ನು ಬಾಯಿಮಾತಿನ ಮೇಲೆ ಕೊಡುವುದೇ ರೂಢಿ. ಇವರ ಮನೆ ಮಾಲೀಕರನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಇಸ್ತ್ರಿ ಮೇಜು ಮುಚ್ಚಿ ಕಚೇರಿಗೆ ಅಲೆದ ದಿನಗಳ ಸಂಪಾದನೆ ಬೇರೆ ಹೋಯಿತು.

ಇಷ್ಟೆಲ್ಲ ದಾಟಿ ಬಂದ ಮೇಲೂ ಖರ್ಚು ಮುಗಿಯುವುದಿಲ್ಲ. ಸರ್ಕಾರ ಮಗುವಿಗೆ ವರ್ಷಕ್ಕೆ ₹17,670 ಎಂದು ಮರುಪಾವತಿ ನಿಗದಿ ಮಾಡಿತ್ತು. ಅದೂ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ ಎಂಬುದು ಶಾಲೆಗಳ ದೂರು. ಆ ದೂರಿನಲ್ಲಿ ಹುರುಳಿದೆ. ಆದರೆ ಅದರ ಬಿಸಿ ಕೊನೆಗೆ ಮುಟ್ಟುವುದು ಮಗುವಿಗೆ. ಪ್ರಾಜೆಕ್ಟ್ ಸಾಮಾನು, ಪ್ರವಾಸ, ಫ್ಯಾನ್ಸಿ ಡ್ರೆಸ್ ಎಂದು ಒಂದೊಂದೇ ಚೀಟಿ ಮನೆಗೆ ಬರುತ್ತಿರುತ್ತದೆ. ನಮ್ಮ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಆರ್‌ಟಿಇ ಮಕ್ಕಳಿಗೆ ಬೇರೆ ಸೆಕ್ಷನ್ ಇದೆಯಾ?" ಎಂದು ಕೇಳಿದರು. ಆ ಗುಂಪಿನಲ್ಲಿ ಆ ಮಕ್ಕಳ ಪಾಲಕರೂ ಇದ್ದರು. ಯಾರೂ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಂದಕ ಮುಂದಿದೆ. ಕಾಯಿದೆ ಕೊಡುವ ಉಚಿತ ಶಿಕ್ಷಣ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಬರುವ ಹೊತ್ತಿಗೆ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಎಂಟು ವರ್ಷದ ಗೆಳೆಯರನ್ನು ಬಿಟ್ಟು ಬೇರೆ ಶಾಲೆಗೆ ಹೋಗಬೇಕು. ಹತ್ತನೆಯ ತರಗತಿಯ ಹೊಸ್ತಿಲಲ್ಲಿ, ಗೆಳೆತನ ಅತಿ ಹೆಚ್ಚು ಉಪಯೋಗಕ್ಕೆ ಬರಬೇಕಾದ ವಯಸ್ಸಿನಲ್ಲಿ.

'ಹೌದ್ರಿ' ಮತ್ತು ಹುಟ್ಟುಹಬ್ಬ

ತರಗತಿಯಲ್ಲಿ ಏನಾಯಿತು? ಹುಡುಗನ ಹೆಸರೂ ನನ್ನ ಮಗಳ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ದೆಹಲಿಯ ಅಧ್ಯಯನದಲ್ಲಿದ್ದಂತೆಯೇ ರೋಲ್ ನಂಬರ್ ಅಕ್ಕಪಕ್ಕ ಬಂತು, ಕೂರುವ ಜಾಗವೂ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹಿಂದಿ ಮರಾಠಿ ಬೀದಿಯಲ್ಲಿ ಕಲಿತಷ್ಟು. ಮನೆಮಾತು ಕನ್ನಡ. ನನ್ನ ಮಗಳಿಗೆ ಮನೆಯಲ್ಲಿ ಕನ್ನಡ ಕೇಳಿಸಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಎರಡು ತಿಂಗಳಲ್ಲಿ ಒಂದು ದಿನ ಊಟಕ್ಕೆ ಕರೆದಾಗ ಅವಳು "ಬಂದೆ ತಡೀರಿ, ಹೌದ್ರಿ" ಎಂದಳು. ಕುಂದಾಪುರ ಕನ್ನಡದ ನನ್ನ ಅಮ್ಮ ಫೋನಿನ ಆ ತುದಿಯಲ್ಲಿ ನಕ್ಕು ನಕ್ಕು ಸುಸ್ತಾದರು. ಆರು ವರ್ಷ ನಾವು ಹೇಳಿ ಹೇಳಿ ಕಲಿಸಲಾಗದ ಕನ್ನಡವನ್ನು ಇಂಡಿಯ ಹುಡುಗನೊಬ್ಬ ಪೆನ್ಸಿಲ್ ಹಂಚಿಕೊಳ್ಳುತ್ತಾ ಕಲಿಸಿದ್ದ. ಟೀಚರ್ ಹೇಳಿದ ಇಂಗ್ಲಿಷನ್ನು ಅವನಿಗೆ ಕನ್ನಡಕ್ಕೆ ತಿರುಗಿಸಿ ಹೇಳುವುದು ಇವಳ ಕೆಲಸವಾಗಿತ್ತಂತೆ.

ಡಿಸೆಂಬರಿನಲ್ಲಿ ಮಗಳ ಹುಟ್ಟುಹಬ್ಬ. ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಇಟ್ಟುಕೊಂಡೆವು. ಅವನ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದವಳು ಅವಳೇ. ಎಲ್ಲರೂ ಬಂದರು, ಅವನು ಬರಲಿಲ್ಲ. ಮರುದಿನ ಬಟ್ಟೆ ತಂದಾಗ ಅವನ ಅಪ್ಪನನ್ನು ಕೇಳಿದೆ. ಮೊದಲು ಜ್ವರ ಎಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಗೇಟಿನಾಗ ಏನಂತ ಬರಸ್ಲಿ ಸರ್? ನಾ ದಿನಾ ಇಸ್ತ್ರಿಯಾಂವ ಅಂತ ಬರಸಿ ಒಳಗ ಬರ್ತೀನಿ" ಎಂದರು.

ಅವರು ಸುಮಾರು ಎಂಟು ವರ್ಷದಿಂದ ಈ ಕಟ್ಟಡಕ್ಕೆ ಬರುತ್ತಿದ್ದಾರೆ, ಸರ್ವಿಸ್ ಲಿಫ್ಟಿನಲ್ಲಿ. ಅವರ ಮಗ ಅತಿಥಿಯಾಗಿ ಇನ್ನೊಂದು ಲಿಫ್ಟಿನಲ್ಲಿ ಬರಬೇಕಿತ್ತು. ಅದು ಸಾಧ್ಯವೆಂದು ಅವರಿಗೆ ಅನ್ನಿಸಲಿಲ್ಲ. ಗೇಟಿಗೆ ಹೋಗಿ ನಾನೇ ಕರೆದುಕೊಂಡು ಬರಬಹುದಿತ್ತು ಎಂದು ನನಗೂ ಹೊಳೆಯಲಿಲ್ಲ. ಆ ರಾತ್ರಿ ನನಗೆ ನೆನಪಾದದ್ದು ಊರಿನ ಜಗಲಿ, ಅಲ್ಲಿಗೆ ಎಂದೂ ಬರದ ನನ್ನ ಬೆಂಚಿನ ಗೆಳೆಯ.

ಹೊರನಾಡ ಕನ್ನಡಿಗರಾಗಿ ನಾವು

ಈ ವಿಷಯ ನಮಗೆ ಹೊಸದಲ್ಲ. ಮುಂಬಯಿಗೆ ನಮ್ಮ ಹಿರಿಯರು ಬಂದಾಗ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆ ಮುಂತಾದವು ಎಷ್ಟೋ ಮಂದಿಯನ್ನು ಮೇಲೆತ್ತಿದವು. ಹಾಗೆ ಓದಿದವರು ವಕೀಲರು, ಬ್ಯಾಂಕ್ ಅಧಿಕಾರಿಗಳು, ಉದ್ಯಮಿಗಳಾದರು. ಅಲ್ಲಿ ವಿದ್ಯಾರ್ಥಿಗಳೆಲ್ಲ ಬಡವರೇ, ನಿಜ. ಆದರೆ ಸಂಘಗಳ ಹಿರಿಯರು, ಕಚೇರಿ ಮುಗಿಸಿ ಪಾಠ ಹೇಳಲು ಬರುತ್ತಿದ್ದವರು ಆ ಹುಡುಗರಿಗೆ ಬೇರೆ ಲೋಕದ ಪರಿಚಯವಾಗಿದ್ದರು. ಎಲ್ಲಿ ಕೆಲಸ ಖಾಲಿ ಇದೆ, ಯಾವ ಪರೀಕ್ಷೆ ಕಟ್ಟಬೇಕು ಎಂಬುದು ಪಾಠದ ನಂತರದ ಚಹಾದ ಹೊತ್ತಿನಲ್ಲಿ ತಿಳಿಯುತ್ತಿತ್ತು. ಜಗಲಿಯ ಕೆಲಸವನ್ನು ನಮ್ಮ ಸಂಘಗಳು ಮಾಡಿದ್ದವು. ವಡಾಲದ ಎನ್‌ಕೆಇಎಸ್, ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಗಳು ಎದ್ದದ್ದೂ ಇದೇ ಕಾಳಜಿಯಿಂದ.

ಈಗ ಒಂದು ಇರಿಸುಮುರಿಸಿನ ಮಾತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ಅಲ್ಪಸಂಖ್ಯಾತರ ಎಲ್ಲ ಶಾಲೆಗಳನ್ನೂ ಆರ್‌ಟಿಇ ಕಾಯಿದೆಯಿಂದ ಹೊರಗಿಟ್ಟಿತು. ಧಾರ್ಮಿಕ ಅಲ್ಪಸಂಖ್ಯಾತರಷ್ಟೇ ಅಲ್ಲ, ಭಾಷಾ ಅಲ್ಪಸಂಖ್ಯಾತರೂ ಇದರಲ್ಲಿ ಬರುತ್ತಾರೆ. ಮಹಾರಾಷ್ಟ್ರದಲ್ಲಿ ನಾವು ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಆ ಮಾನ್ಯತೆ ಪಡೆದ ನಮ್ಮವರ ಯಾವುದೇ ಇಂಗ್ಲಿಷ್ ಮಾಧ್ಯಮ ಶಾಲೆಗೂ ಈ 25 ಶೇಕಡಾ ಅನ್ವಯಿಸುವುದಿಲ್ಲ. ಕಾನೂನು ಕೇಳುವುದಿಲ್ಲ ಎಂದಮಾತ್ರಕ್ಕೆ ನಾವು ಕೊಡಬಾರದು ಎಂದೇನೂ ಇಲ್ಲ. ತರಗತಿಗೆ ನಾಲ್ಕು ಮಕ್ಕಳಾದರೂ ಸಾಕು, ಊರಿಂದ ಬಂದ ಕಟ್ಟಡ ಕೂಲಿಯವರ, ಹೋಟೆಲ್ ಕೆಲಸದವರ ಮಕ್ಕಳನ್ನು ಒಂದರಿಂದ ಹತ್ತರವರೆಗೆ ಓದಿಸುತ್ತೇವೆ ಎಂದು ಆಡಳಿತ ಮಂಡಳಿಗಳು ತಾವಾಗಿ ಹೇಳಿದರೆ ಅದು ಯಾವ ರಾಜ್ಯೋತ್ಸವಕ್ಕಿಂತಲೂ ಕಡಿಮೆಯದಲ್ಲ.

ಸಂಘಗಳು ಪ್ರತಿ ಜೂನಿನಲ್ಲಿ ನೋಟ್‌ಪುಸ್ತಕ ಹಂಚುತ್ತವೆ, ವಿದ್ಯಾರ್ಥಿವೇತನ ಕೊಡುತ್ತವೆ. ಒಳ್ಳೆಯದೇ. ಅದರಲ್ಲಿ ಒಂದು ಪಾಲನ್ನು ಆರ್‌ಟಿಇಯಲ್ಲಿ ಎಂಟು ಮುಗಿಸಿದ ಮಕ್ಕಳ ಒಂಬತ್ತು, ಹತ್ತನೇ ತರಗತಿಯ ಶುಲ್ಕಕ್ಕೆ ಎತ್ತಿಡಬಹುದು. ಅದಕ್ಕಿಂತ ಸುಲಭದ ಕೆಲಸವೂ ಇದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಲ್ಯಾಪ್‌ಟಾಪ್ ಇದೆ, ಭಾನುವಾರ ಇದೆ. ಆರ್‌ಟಿಇ ಅರ್ಜಿಗಳು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತವೆ. ಆಗ ಕಾಗದ ಹುಡುಕಿದರೆ ತಡವಾಗುತ್ತದೆ. ದೀಪಾವಳಿಯ ಹೊತ್ತಿಗೇ ನಿಮ್ಮ ವಾಚ್‌ಮನ್, ಮನೆಕೆಲಸದವರು, ತರಕಾರಿಯವರು ಇವರ ಪೈಕಿ ಆರು ವರ್ಷದ ಮಗುವಿರುವವರನ್ನು ಕೇಳಿ. ಜನನ ಪ್ರಮಾಣಪತ್ರ, ನೋಂದಾಯಿತ ಬಾಡಿಗೆ ಕರಾರು, ಇಲ್ಲಿನ ಆದಾಯ ಪ್ರಮಾಣಪತ್ರ, ಈ ಮೂರು ಸಿದ್ಧವಿದ್ದರೆ ಅರ್ಧ ದಾರಿ ಮುಗಿದಂತೆ. ಸೀಟು ಸಿಕ್ಕ ಮೇಲೆ ಉಳಿದರ್ಧ ಇರುವುದು ನಮ್ಮ ಮನೆಯ ಬಾಗಿಲಲ್ಲಿ.

ಈ ವರ್ಷ ಮಗಳ ಹುಟ್ಟುಹಬ್ಬವನ್ನು ಕ್ಲಬ್‌ಹೌಸಿನಲ್ಲಿ ಇಡುವುದಿಲ್ಲ ಎಂದು ನಿರ್ಧರಿಸಿದ್ದೇವೆ. ಘಣಸೋಲಿಯ ಸೆಂಟ್ರಲ್ ಪಾರ್ಕಿನ ಹುಲ್ಲಿನ ಮೇಲೆ, ಸಂಜೆ ಐದಕ್ಕೆ. ಅಲ್ಲಿ ಗೇಟಿನಲ್ಲಿ ಯಾರೂ ಹೆಸರು ಬರೆಸಬೇಕಾಗಿಲ್ಲ. ಉಡುಗೊರೆ ಬೇಡ ಎಂದು ಎಲ್ಲರಿಗೂ ತಿಳಿಸುತ್ತೇವೆ. ಇಸ್ತ್ರಿಯವರಿಗೆ ಮೊನ್ನೆಯೇ ಹೇಳಿದೆ. "ನಮ್ಮಾಕಿನೂ ಕರ್ಕೊಂಡ್ ಬರ್ಲೇನ್ರಿ?" ಎಂದು ಕೇಳಿದರು. ಎಲ್ಲರೂ ಬನ್ನಿ ಎಂದಿದ್ದೇನೆ. ಆ ವಾಟ್ಸಾಪ್ ಗುಂಪಿನ ಪಾಲಕರನ್ನೂ ಕರೆದಿದ್ದೇನೆ. ಎಷ್ಟು ಮಂದಿ ಬರುತ್ತಾರೋ ನೋಡೋಣ.